ಒಂದೇ ಸಿನಿಮಾ, ಎರಡು ಡಿಸ್ಕ್, ಸೈಜ್ ಮಾತ್ರ ಬೇರೆ ಬೇರೆ ಯಾಕೆ? ಉತ್ತರ ಹುಡುಕಿಕೊಟ್ಟ ಕ್ಲಾಡ್ ಶಾನನ್ ಕಥೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮನೆಗಳಲ್ಲಿ ಟಿವಿ ಇಟ್ಟ ಖಾನೆಯ ಕೆಳಗೆ ಕೈ ಹಾಕಿದರೆ ಇವತ್ತಿಗೂ ಒಂದಿಷ್ಟು ಹಳೆಯ ಸಿಡಿ, ಡಿವಿಡಿ ಸಿಗುತ್ತವೆ. ರಾಜಕುಮಾರ್ ಸಿನಿಮಾ, ಜಾತ್ರೆಯಲ್ಲಿ ಕೊಂಡ ಡೊಳ್ಳಿನ ಪದ, ಕಂಪನಿ ನಾಟಕ, ಮನೆಯ ಮದುವೆ. ಪ್ಲೇಯರ್ ಕೆಟ್ಟು ವರ್ಷಗಳಾಗಿವೆ. ಹಾಗಾಗಿ ಜನ ಈಗ ಅವನ್ನೆಲ್ಲ ಪೆನ್‌ಡ್ರೈವಿಗೋ ಮೊಬೈಲಿಗೋ ಹಾಕಿಸಿಕೊಳ್ಳುತ್ತಿದ್ದಾರೆ.

ಅಲ್ಲೇ ಅನುಮಾನ ಶುರುವಾಗುತ್ತದೆ. ಒಂದೇ ಸಿನಿಮಾ, ಒಂದು ಡಿವಿಡಿಯಲ್ಲಿ 7 ಜಿಬಿ, ಇನ್ನೊಂದರಲ್ಲಿ 4 ಜಿಬಿ, ತ್ರೀ ಇನ್ ಒನ್ ಡಿಸ್ಕಿನಲ್ಲಿ ಒಂದೂವರೆ ಜಿಬಿ. ಇದರ ಬಗ್ಗೆ ಮೂರು ಮಾತು ಎಲ್ಲ ಕಡೆ ಓಡಾಡುತ್ತಿವೆ:

1. ಸೈಜ್ ಕಡಿಮೆ ಇದ್ದರೆ ಸೀನ್ ಕತ್ತರಿಸಿದ್ದಾರೆ ಎಂದರ್ಥ.
2. ಸೈಜ್ ಹೆಚ್ಚಿದ್ದಷ್ಟೂ ವಿಡಿಯೊ ಕ್ಲಿಯರ್.
3. 4.7 ಜಿಬಿ ಎಂದು ಬರೆದ ಡಿಸ್ಕನ್ನು ಕಂಪ್ಯೂಟರ್ 4.38 ಎಂದು ತೋರಿಸಿದರೆ ಅದು ಡೂಪ್ಲಿಕೇಟ್.

ಈ ಮೂರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಫೈಲಿನ ಸೈಜ್ ಸಿನಿಮಾದ ಉದ್ದದಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಆ ಸಿನಿಮಾದಲ್ಲಿ ಊಹಿಸಲಾಗದ ಬದಲಾವಣೆ ಎಷ್ಟಿದೆ, ಡಿಸ್ಕ್ ಮಾಡಿದವರು ಪ್ರತಿ ಸೆಕೆಂಡಿಗೆ ಎಷ್ಟು ಜಾಗ ಕೊಟ್ಟರು, ಯಾವ ವಿಧಾನದಲ್ಲಿ ಒತ್ತಿ ತುಂಬಿದರು ಎಂಬುದರ ಮೇಲೂ ಅದು ನಿಂತಿದೆ.

ಇದು ತಿಳಿಯದೆ ನಮ್ಮಲ್ಲೊಬ್ಬರು ಪೆಟ್ಟು ತಿಂದಿದ್ದಾರೆ. ಅವರ ಸಿಂದಗಿ ಮನೆಯ ಮದುವೆ ಡಿವಿಡಿಯನ್ನು ಒಂದು ಅಂಗಡಿಯಲ್ಲಿ ಮೊಬೈಲಿಗೆ ಹಾಕಿಸಿದರು. ಸುಮಾರು 4 ಜಿಬಿ ಇದ್ದದ್ದು 400 ಎಂಬಿ ಆಯಿತು. ಜಾಗ ಉಳಿಯಿತೆಂದು ಖುಷಿಪಟ್ಟು ಡಿಸ್ಕನ್ನು ಗುಜರಿಗೆ ಹಾಕಿದರು. ಆಮೇಲೆ ನೋಡಿದರೆ, ಅಕ್ಕಿಕಾಳು ಹಾಕುವ ಹೊತ್ತಿನ ದೃಶ್ಯದಲ್ಲಿ ಹಿಂದೆ ನಿಂತಿದ್ದ ಅಜ್ಜಿಯ ಮುಖ ಬರೀ ಚೌಕ ಚೌಕವಾಗಿತ್ತು. ಅಜ್ಜಿ ಈಗಿಲ್ಲ, ಅವರ ಬೇರೆ ವಿಡಿಯೊವೂ ಇಲ್ಲ. ಸರಿಯಾಗಿ ಆ ದೃಶ್ಯವೇ ಯಾಕೆ ಹಾಳಾಯಿತು? ಅದಕ್ಕೆ ಉತ್ತರ ಇರುವುದು 1948ರಲ್ಲಿ ಅಮೆರಿಕದ ಎಂಜಿನಿಯರ್ ಒಬ್ಬರು ಬರೆದ ಲೇಖನದಲ್ಲಿ. ಅವರ ಹೆಸರು ಕ್ಲಾಡ್ ಶಾನನ್.

ಬೇಲಿ ತಂತಿಯಲ್ಲಿ ಸುದ್ದಿ ಕಳಿಸಿದ ಹುಡುಗ

ಶಾನನ್ ಹುಟ್ಟಿದ್ದು 1916ರ ಏಪ್ರಿಲ್ 30ರಂದು, ಅಮೆರಿಕದ ಮಿಷಿಗನ್ ರಾಜ್ಯದ ಪೆಟೋಸ್ಕಿಯಲ್ಲಿ. ಬೆಳೆದದ್ದು ಗೇಲಾರ್ಡ್ ಎಂಬ ಸಣ್ಣ ಊರಿನಲ್ಲಿ. ತಂದೆ ವ್ಯಾಪಾರ ಮಾಡುತ್ತಿದ್ದರು, ಕೆಲಕಾಲ ನ್ಯಾಯಾಧೀಶರೂ ಆಗಿದ್ದರು. ತಾಯಿ ಭಾಷಾ ಶಿಕ್ಷಕಿ, ಊರಿನ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯಿನಿಯೂ ಆಗಿದ್ದರು.

ಹುಡುಗನಿಗೆ ಬಿಚ್ಚುವುದು, ಜೋಡಿಸುವುದು ಎಂದರೆ ಪ್ರಾಣ. ಅರ್ಧ ಮೈಲಿ ದೂರದ ಗೆಳೆಯನ ಮನೆಗೆ ಟೆಲಿಗ್ರಾಫ್ ಬೇಕೆನಿಸಿತು. ಹೊಸ ತಂತಿಗೆ ಹಣವಿಲ್ಲ. ಹೊಲದ ಸುತ್ತ ಮುಳ್ಳುತಂತಿ ಬೇಲಿ ಹೇಗೂ ಇತ್ತು, ಅದನ್ನೇ ಬಳಸಿಕೊಂಡ. ಒಂದು ತುದಿಯಲ್ಲಿ ಕಟ್ ಕಟ್ ಎಂದು ಒತ್ತಿದರೆ ಇನ್ನೊಂದು ತುದಿಯಲ್ಲಿ ಸುದ್ದಿ. ಶಾಲೆಯ ದಿನಗಳಲ್ಲಿ ಟೆಲಿಗ್ರಾಂ ಹಂಚುವ ಕೆಲಸವನ್ನೂ ಮಾಡಿದ. ಒಂದು ಸುದ್ದಿಯನ್ನು ಕಡಿಮೆ ಖರ್ಚಿನಲ್ಲಿ ದೂರ ಕಳಿಸುವುದು ಹೇಗೆ ಎಂಬ ಪ್ರಶ್ನೆ ಆಮೇಲೂ ಈ ಹುಡುಗನನ್ನು ಬಿಡಲಿಲ್ಲ.

ಸ್ವಿಚ್ಚಿನಲ್ಲಿ ಸಿಕ್ಕ ಸೊನ್ನೆ ಮತ್ತು ಒಂದು

1936ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಶಾನನ್ ಎರಡು ಪದವಿ ಪಡೆದರು, ಒಂದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಇನ್ನೊಂದು ಗಣಿತ. ಅಲ್ಲಿಂದ ಎಂಐಟಿ ಎಂಬ ಪ್ರಸಿದ್ಧ ಸಂಸ್ಥೆಗೆ ಹೋದರು. ಅಲ್ಲಿ ವ್ಯಾನೆವರ್ ಬುಷ್ ಅವರ ಕೋಣೆ ತುಂಬುವಷ್ಟು ದೊಡ್ಡ ಲೆಕ್ಕದ ಯಂತ್ರವಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಯಂತ್ರದೊಳಗೆ ತೆರೆಯುವ, ಮುಚ್ಚುವ ಸ್ವಿಚ್ಚುಗಳ ದೊಡ್ಡ ಜಾಲವಿತ್ತು.

ಅದನ್ನು ನೋಡುತ್ತಾ ಶಾನನ್ ಅವರಿಗೆ ಒಂದು ಹಳೆಯ ಗಣಿತ ನೆನಪಾಯಿತು. 19ನೇ ಶತಮಾನದಲ್ಲಿ ಜಾರ್ಜ್ ಬೂಲ್ ಎಂಬವರು ನಿಜ ಮತ್ತು ಸುಳ್ಳು ಎಂಬ ಎರಡೇ ಬೆಲೆ ಇಟ್ಟುಕೊಂಡು ಲೆಕ್ಕ ಮಾಡುವ ವಿಧಾನ ರೂಪಿಸಿದ್ದರು. ಸ್ವಿಚ್ಚಿಗೂ ಎರಡೇ ಸ್ಥಿತಿ, ಆನ್ ಅಥವಾ ಆಫ್. ಎರಡನ್ನೂ ಜೋಡಿಸಿದರೆ ಸ್ವಿಚ್ಚುಗಳಿಂದಲೇ ಎಂಥ ತರ್ಕವನ್ನೂ ಮಾಡಿಸಬಹುದು ಎಂದು 1937ರಲ್ಲಿ, ತಮ್ಮ 21ನೇ ವಯಸ್ಸಿನಲ್ಲಿ, ಅವರು ತೋರಿಸಿಕೊಟ್ಟರು. ಇಂದಿನ ಎಲ್ಲ ಕಂಪ್ಯೂಟರ್, ಮೊಬೈಲ್‌ಗಳ ಒಳಗೆ ನಡೆಯುವುದು ಇದೇ ಆನ್, ಆಫ್ ಆಟ. ಡಿಸ್ಕಿನ ಮೇಲೂ ಅಷ್ಟೇ. ಹೊಳೆಯುವ ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುರುತುಗಳಿರುತ್ತವೆ. ಲೇಸರ್ ಬೆಳಕು ಅವನ್ನು ಓದಿ ಸೊನ್ನೆ, ಒಂದುಗಳ ಸಾಲಾಗಿ ಬದಲಿಸುತ್ತದೆ. ಒಂದು ಸೊನ್ನೆ ಅಥವಾ ಒಂದು ಹಿಡಿಯುವ ಜಾಗವೇ ಒಂದು ಬಿಟ್.

ಈಗ ಒಂದು ಲೆಕ್ಕ ಹಾಕೋಣ. ನಮ್ಮ ಡಿವಿಡಿಯ ಒಂದು ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿಗಳು. ಪ್ರತಿ ಚುಕ್ಕಿಯ ಬಣ್ಣಕ್ಕೆ 24 ಬಿಟ್. ಸೆಕೆಂಡಿಗೆ 25 ಚಿತ್ರ. ಎರಡೂವರೆ ತಾಸಿನ ಸಿನಿಮಾವನ್ನು ಏನೂ ಒತ್ತದೆ ಹಾಗೇ ಬರೆದರೆ ಸುಮಾರು 280 ಜಿಬಿ ಬೇಕು. 4.7 ಜಿಬಿಯ ಮಾಮೂಲಿ ಡಿವಿಡಿಗಳಲ್ಲಿ ತುಂಬಿದರೆ ಒಂದೇ ಸಿನಿಮಾಕ್ಕೆ ಸುಮಾರು 60 ಡಿಸ್ಕ್! ಅಂದರೆ ನಿಮ್ಮ ಕೈಗೆ ಬರುವ ಪ್ರತಿ ಡಿವಿಡಿಯೂ ಅರವತ್ತನ್ನು ಒಂದಕ್ಕೆ ಇಳಿಸಿದಂಥದ್ದು. ಇಷ್ಟು ಇಳಿಸಿದರೂ ಸಿನಿಮಾ ಉಳಿಯುತ್ತದೆ ಎಂದರೆ ಅದು ಹೇಗೆ? ಇದಕ್ಕೆ ಉತ್ತರ ಬರಲು ಹನ್ನೊಂದು ವರ್ಷ ಹಿಡಿಯಿತು. ನಡುವೆ ಒಂದು ಮಹಾಯುದ್ಧ ಬಂತು.

ಯುದ್ಧ, ಗುಟ್ಟು ಮತ್ತು ಚಹಾ

1940ರಲ್ಲಿ ಡಾಕ್ಟರೇಟ್ ಪಡೆದ ಶಾನನ್ ಮರುವರ್ಷ ಬೆಲ್ ಲ್ಯಾಬ್ಸ್ ಸೇರಿದರು. ಟೆಲಿಫೋನ್ ಕಂಪನಿಯ ಸಂಶೋಧನಾ ಸಂಸ್ಥೆ ಅದು. ಯುದ್ಧದ ಕಾಲದಲ್ಲಿ ಅವರ ಪಾಲಿಗೆ ಗುಪ್ತಲಿಪಿಯ ಕೆಲಸ ಬಂತು. ವಾಷಿಂಗ್ಟನ್ ಮತ್ತು ಲಂಡನ್ ನಡುವಿನ ಮಾತುಕತೆ ಶತ್ರುವಿಗೆ ತಿಳಿಯದಂತೆ ಧ್ವನಿಯನ್ನೇ ಅಂಕಿಗಳಾಗಿ ಬದಲಿಸಿ ಕಳಿಸುವ ದೊಡ್ಡ ಯಂತ್ರವನ್ನು ಬೆಲ್ ಲ್ಯಾಬ್ಸ್ ಕಟ್ಟಿತು. ಅದರ ಹಿಂದಿನ ಗಣಿತ ಗಟ್ಟಿಯಾಗಿದೆಯೇ ಎಂದು ನೋಡಿದವರಲ್ಲಿ ಶಾನನ್ ಒಬ್ಬರು.

1943ರಲ್ಲಿ ಬ್ರಿಟನ್ನಿನ ಅಲನ್ ಟ್ಯೂರಿಂಗ್ ಅಲ್ಲಿಗೆ ಬಂದರು. ಜರ್ಮನ್ನರ ಗುಪ್ತಲಿಪಿ ಒಡೆದ ಆ ಗಣಿತಜ್ಞರೂ ಶಾನನ್ನರೂ ಸಂಜೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಕೂರುತ್ತಿದ್ದರು. ಇಬ್ಬರದೂ ಗುಪ್ತಲಿಪಿಯ ಕೆಲಸ, ಆದರೆ ಅದನ್ನು ಒಬ್ಬರಿಗೊಬ್ಬರು ಹೇಳುವಂತಿರಲಿಲ್ಲ. ಹಾಗಾಗಿ ಯಂತ್ರ ಯೋಚಿಸಬಲ್ಲದೇ ಎಂಬಂಥ ವಿಷಯ ಮಾತಾಡಿ ಎದ್ದು ಹೋಗುತ್ತಿದ್ದರು.

ಹಗಲು ಸರ್ಕಾರದ ಕೆಲಸ, ರಾತ್ರಿ ತಮ್ಮದೇ ಪ್ರಶ್ನೆ. ಹೀಗೆ ವರ್ಷಗಟ್ಟಲೆ ಬರೆದದ್ದನ್ನು ಶಾನನ್ 1948ರ ಜುಲೈ ಮತ್ತು ಅಕ್ಟೋಬರ್‌ನಲ್ಲಿ ಬೆಲ್ ಲ್ಯಾಬ್ಸ್‌ನ ಪತ್ರಿಕೆಯಲ್ಲಿ ಎರಡು ಕಂತಾಗಿ ಪ್ರಕಟಿಸಿದರು. ಬಿಟ್ ಎಂಬ ಪದ ಅಚ್ಚಾಗಿ ಜಗತ್ತಿಗೆ ಪರಿಚಯವಾದದ್ದು ಆ ಲೇಖನದಿಂದ. ಆ ಪದ ತಮ್ಮದಲ್ಲ, ಸಹೋದ್ಯೋಗಿ ಜಾನ್ ಟ್ಯೂಕಿ ಅವರದು ಎಂದು ಶಾನನ್ ಅದರಲ್ಲೇ ದಾಖಲಿಸಿದ್ದಾರೆ.

ಗೊತ್ತಿರುವುದು ಸುದ್ದಿಯಲ್ಲ

ಆ ಲೇಖನದ ತಿರುಳನ್ನು ನಮ್ಮೂರಿನ ಮಾತಿನಲ್ಲಿ ಹೀಗೆ ಹೇಳಬಹುದು. ಏಪ್ರಿಲ್ ತಿಂಗಳಲ್ಲಿ ಇಂಡಿಯಿಂದ ಯಾರೋ ಫೋನ್ ಮಾಡಿ ಇಲ್ಲಿ ಬಿಸಿಲು ಜೋರಿದೆ ಎಂದರೆ ಅದರಲ್ಲಿ ಹೊಸದೇನೂ ಇಲ್ಲ. ಆಲಿಕಲ್ಲು ಬಿದ್ದು ದ್ರಾಕ್ಷಿ ಹಾಳಾಯಿತು ಎಂದರೆ ಮಾತ್ರ ಅದು ಸುದ್ದಿ. ಎರಡೂ ವಾಕ್ಯಗಳ ಉದ್ದ ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯದರಲ್ಲಿ ಮಾಹಿತಿ ತೀರ ಕಡಿಮೆ, ಎರಡನೆಯದರಲ್ಲಿ ಹೆಚ್ಚು. ಮಾಹಿತಿಯನ್ನು ಅಳೆಯಬೇಕಾದದ್ದು ಮಾತಿನ ಉದ್ದದಿಂದಲ್ಲ, ಅದು ಎಷ್ಟು ಅನಿರೀಕ್ಷಿತ ಎಂಬುದರಿಂದ. ಶಾನನ್ ಇದನ್ನು ಬರೀ ಮಾತಿನಲ್ಲಿ ಹೇಳಿ ಬಿಡಲಿಲ್ಲ. ಎಷ್ಟು ಬಿಟ್ ಎಂದು ಲೆಕ್ಕ ಹಾಕುವ ಸೂತ್ರವನ್ನೇ ಕೊಟ್ಟರು.

ಹಾಸಿಗೆ ಇದ್ದಷ್ಟು ಎಂದು ನಾವು ಬರೆದು ನಿಲ್ಲಿಸಿದರೆ ಮುಂದಿನದನ್ನು ನೀವೇ ಸೇರಿಸುತ್ತೀರಿ. ಊಹಿಸಬಹುದಾದದ್ದನ್ನು ಕಳಿಸುವ ಅಗತ್ಯವಿಲ್ಲ. ಶಾನನ್ ಇದನ್ನು ಮನೆಯಲ್ಲೂ ಪರೀಕ್ಷಿಸಿದರು. 1949ರಲ್ಲಿ ಅವರು ಬೆಲ್ ಲ್ಯಾಬ್ಸ್‌ನಲ್ಲೇ ಕೆಲಸಕ್ಕಿದ್ದ ಬೆಟ್ಟಿ ಮೂರ್ ಅವರನ್ನು ಮದುವೆಯಾದರು. ಬೆಟ್ಟಿ ಸ್ವತಃ ಗಣಿತ ಬಲ್ಲವರು. ಪತ್ತೇದಾರಿ ಪುಸ್ತಕವೊಂದನ್ನು ತೆಗೆದು, ಒಂದೊಂದೇ ಅಕ್ಷರ ತೋರಿಸುತ್ತಾ ಮುಂದಿನದು ಯಾವುದೆಂದು ಹೆಂಡತಿಯನ್ನು ಕೇಳುವುದು ಶಾನನ್ ಅವರ ಆಟವಾಗಿತ್ತು. ಬೆಟ್ಟಿಯ ಊಹೆ ಬಹಳ ಸಲ ಸರಿಯಾಗುತ್ತಿತ್ತು. ಇಂಥ ಪ್ರಯೋಗಗಳನ್ನೇ ಆಧಾರವಾಗಿಟ್ಟುಕೊಂಡು 1951ರಲ್ಲಿ ಅವರು ಇನ್ನೊಂದು ಲೇಖನ ಬರೆದರು. ಇಂಗ್ಲಿಷ್ ಬರಹದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಊಹಿಸಬಹುದಾದದ್ದೇ ಎಂದು ಅದರಿಂದ ತಿಳಿಯಿತು.

ಪ್ರವಚನವೂ ಭಂಡಾರವೂ

ಇದನ್ನು ವಿಡಿಯೊಗೆ ಹಚ್ಚಿ ನೋಡಿ. ಪ್ರವಚನದ ವಿಡಿಯೊ ಒಂದನ್ನು ತೆಗೆದುಕೊಳ್ಳಿ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ನಿಂತಿದೆ. ಹಿಂದಿನ ಪರದೆ ಅಲುಗುವುದಿಲ್ಲ. ಸ್ವಾಮಿಗಳ ತುಟಿ ಮತ್ತು ಕೈ ಮಾತ್ರ ಸ್ವಲ್ಪ ಆಡುತ್ತವೆ. ಸೆಕೆಂಡಿಗೆ 25 ಚಿತ್ರ ಇದ್ದರೂ ಒಂದರಿಂದ ಇನ್ನೊಂದಕ್ಕೆ ವ್ಯತ್ಯಾಸ ಅಷ್ಟಕ್ಕಷ್ಟೇ. ಆದ್ದರಿಂದ ಡಿವಿಡಿ ಸುಮಾರು ಅರ್ಧ ಸೆಕೆಂಡಿಗೊಮ್ಮೆ ಮಾತ್ರ ಪೂರ್ತಿ ಚಿತ್ರ ಬರೆಯುತ್ತದೆ. ನಡುವಿನ ಚಿತ್ರಗಳಿಗೆ ಬದಲಾದದ್ದನ್ನಷ್ಟೇ ಬರೆದುಕೊಳ್ಳುತ್ತದೆ. ಸ್ವಲ್ಪ ಜಾಗ ಸಾಕು.

ಈಗ ಬೀರಪ್ಪನ ಜಾತ್ರೆಯ ವಿಡಿಯೊ ನೋಡಿ. ಡೊಳ್ಳು ಬಡಿಯುತ್ತಿದೆ, ಜನ ಕುಣಿಯುತ್ತಿದ್ದಾರೆ, ಭಂಡಾರ ಹಾರುತ್ತಿದೆ. ಅರಿಶಿನದ ಒಂದೊಂದು ಕಣವೂ ಒಂದೊಂದು ದಿಕ್ಕಿಗೆ. ಹಿಂದಿನ ಚಿತ್ರ ನೋಡಿ ಮುಂದಿನದನ್ನು ಊಹಿಸಲು ಆಗುವುದಿಲ್ಲ. ಪ್ರತಿ ಚಿತ್ರದಲ್ಲೂ ಹೊಸದೇ ಹೆಚ್ಚು. ಇದಕ್ಕೆ ಪ್ರವಚನಕ್ಕಿಂತ ಎಷ್ಟೋ ಪಟ್ಟು ಬಿಟ್ ಬೇಕು.

ಹಾಗಾಗಿ ಒಂದೇ ಗುಣಮಟ್ಟ ಇಟ್ಟರೆ, ಒಂದು ತಾಸಿನ ಪ್ರವಚನಕ್ಕಿಂತ ಒಂದು ತಾಸಿನ ಜಾತ್ರೆಯ ಫೈಲ್ ದೊಡ್ಡದಾಗುತ್ತದೆ. ಸಿನಿಮಾದಲ್ಲೂ ಹೀಗೆಯೇ. ಮನೆಯೊಳಗಿನ ಮಾತುಕತೆಗೆ ಕಡಿಮೆ, ಮಳೆ, ಬೆಂಕಿ, ಹೊಡೆದಾಟಕ್ಕೆ ಹೆಚ್ಚು. 1959ರ ಜಗಜ್ಯೋತಿ ಬಸವೇಶ್ವರದಂಥ ಕಪ್ಪುಬಿಳುಪು ಕಾಲದ ಸಿನಿಮಾಗಳ ಹಳೆಯ ರೀಲಿನಲ್ಲಿ ಸಣ್ಣ ಸಣ್ಣ ಕಾಳಿನಂಥ ಚುಕ್ಕೆ ಕುಣಿಯುತ್ತಿರುತ್ತವೆ. ಬಣ್ಣವಿಲ್ಲದಿದ್ದರೂ ಆ ಚುಕ್ಕೆಗಳೇ ಜಾಗ ತಿನ್ನುತ್ತವೆ. ಅವನ್ನು ಒರೆಸಿ ಡಿಸ್ಕ್ ಮಾಡಿದರೆ ಸೈಜ್ ಇಳಿಯುತ್ತದೆ, ಒರೆಸದೆ ಮಾಡಿದರೆ ಏರುತ್ತದೆ.

ಸಿಂದಗಿಯ ಮದುವೆ ಮನೆಯ ಉತ್ತರ ಇಲ್ಲೇ ಇದೆ. ಅಕ್ಕಿಕಾಳು ಬೀಳುವ ಹೊತ್ತು ಎಂದರೆ ನೂರು ಕೈ ಮೇಲೇಳುವ, ಸಾವಿರ ಕಾಳು ಹಾರುವ ಹೊತ್ತು. ಇಡೀ ಮದುವೆಯಲ್ಲಿ ಹೆಚ್ಚು ಬಿಟ್ ಬೇಕಾದದ್ದು ಆಗಲೇ. 400 ಎಂಬಿಗೆ ಇಳಿಸಿದಾಗ ಕೊರತೆ ಬಿದ್ದದ್ದೂ ಅಲ್ಲೇ.

ಡಿಸ್ಕ್ ಮಾಡುವವರು ಜಾಗ ಹಂಚುವ ಲೆಕ್ಕ

ಹೀಗಿದ್ದರೂ ಹಳೆಯ ವಿಸಿಡಿಗಳಲ್ಲಿ ಎಲ್ಲ ಸಿನಿಮಾ ಒಂದೇ ಸೈಜ್ ಇರುತ್ತಿದ್ದವಲ್ಲ ಎಂದು ನೀವು ಕೇಳಬಹುದು. ಹೌದು. ವಿಸಿಡಿಯಲ್ಲಿ ಪ್ರತಿ ಸೆಕೆಂಡಿಗೆ ಇಷ್ಟೇ ಎಂದು ನಿಗದಿಯಾಗಿರುತ್ತದೆ. ಚಿತ್ರ, ಧ್ವನಿ ಎರಡೂ ಸೇರಿ ಸುಮಾರು 14 ಲಕ್ಷ ಬಿಟ್. ಪ್ರವಚನಕ್ಕೂ ಅಷ್ಟೇ, ಭಂಡಾರಕ್ಕೂ ಅಷ್ಟೇ. ಪ್ರವಚನಕ್ಕೆ ಅದು ಸಾಕಾಗಬಹುದು, ಭಂಡಾರಕ್ಕೆ ಸಾಲುವುದಿಲ್ಲ. ಜಾತ್ರೆಯ ವಿಸಿಡಿಯಲ್ಲಿ ಭಂಡಾರ ಹಾರಿದಾಗ ಚಿತ್ರ ಚೌಕ ಚೌಕವಾಗುತ್ತಿದ್ದದ್ದು ಇದಕ್ಕೇ. ಒಂದು ಡಿಸ್ಕಿನಲ್ಲಿ 74 ನಿಮಿಷದ ಆಸುಪಾಸು ಮಾತ್ರ ಹಿಡಿಯುತ್ತಿದ್ದರಿಂದ ಒಂದು ಸಿನಿಮಾಕ್ಕೆ ಎರಡು, ಮೂರು ಸಿಡಿ ಬೇಕಾಗುತ್ತಿತ್ತು.

ಡಿವಿಡಿಯಲ್ಲಿ ಹಾಗಿಲ್ಲ. ಬೇಕಾದಲ್ಲಿ ಹೆಚ್ಚು, ಬೇಡವಾದಲ್ಲಿ ಕಡಿಮೆ ಕೊಡಬಹುದು. ಆದರೆ ಒಟ್ಟು ಜಾಗಕ್ಕೆ ಮಿತಿ ಇದೆ. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ, ಎರಡು ಪದರದ್ದರಲ್ಲಿ 8.5 ಜಿಬಿ. ಎರಡೂವರೆ ತಾಸಿನ ಸಿನಿಮಾಕ್ಕೆ ಇದನ್ನು ಹಂಚಿ ನೋಡಿ:

ಎರಡು ಪದರದ ಡಿವಿಡಿಯಲ್ಲಿ ಒಂದೇ ಸಿನಿಮಾ: ಸೆಕೆಂಡಿಗೆ ಸುಮಾರು 75 ಲಕ್ಷ ಬಿಟ್.
ಒಂದು ಪದರದ ಡಿವಿಡಿಯಲ್ಲಿ ಒಂದೇ ಸಿನಿಮಾ: ಸುಮಾರು 42 ಲಕ್ಷ ಬಿಟ್.
ಒಂದು ಪದರದ ಡಿವಿಡಿಯಲ್ಲಿ ಮೂರು ಸಿನಿಮಾ: ಒಂದೊಂದಕ್ಕೆ ಸುಮಾರು 14 ಲಕ್ಷ ಬಿಟ್.

ಕೊನೆಯ ಅಂಕಿಯನ್ನು ಇನ್ನೊಮ್ಮೆ ನೋಡಿ. ಅದು ವಿಸಿಡಿಯ ಅಂಕಿಯೇ! ಒಂದು ಪದರದ ತ್ರೀ ಇನ್ ಒನ್ ಡಿಸ್ಕ್ ಕೊಂಡವರು ಡಿವಿಡಿ ಕೊಂಡೆವು ಎಂದುಕೊಂಡರೂ, ಒಂದೊಂದು ಸಿನಿಮಾಕ್ಕೆ ಸಿಕ್ಕಿದ್ದು ವಿಸಿಡಿಯಷ್ಟೇ ಬಿಟ್. ಒಂದು ಸೀನೂ ಕತ್ತರಿಸಿಲ್ಲ. ಕತ್ತರಿ ಬಿದ್ದದ್ದು ಪ್ರತಿ ಚಿತ್ರದ ವಿವರಕ್ಕೆ.

ವಿವರವನ್ನು ಎಷ್ಟು ಬಿಟ್ಟರೆ ಎಷ್ಟು ಜಾಗ ಉಳಿಯುತ್ತದೆ ಎಂಬ ಈ ಲೆಕ್ಕಕ್ಕೂ ಬುನಾದಿ ಹಾಕಿದವರು ಶಾನನ್ನರೇ. 1948ರಲ್ಲೇ ಸೂಚಿಸಿದ್ದನ್ನು 1959ರ ಲೇಖನದಲ್ಲಿ ವಿಸ್ತರಿಸಿದರು. ಆಗ ಡಿವಿಡಿ ಹೋಗಲಿ, ಸಿಡಿಯೂ ಹುಟ್ಟಿರಲಿಲ್ಲ.

ಬೆಂಗಳೂರಿನಿಂದ ಬಂದ ದಾರಿ

ಶಾನನ್ ಗುರಿ ತೋರಿಸಿದರು. ದಾರಿ ಮಾಡಿದವರು ಬೇರೆಯವರು. 1951ರಲ್ಲಿ ಎಂಐಟಿಯ ವಿದ್ಯಾರ್ಥಿ ಡೇವಿಡ್ ಹಫ್‌ಮನ್ ಅಂತಿಮ ಪರೀಕ್ಷೆ ತಪ್ಪಿಸಿಕೊಳ್ಳಲು ಪ್ರಬಂಧ ಬರೆಯುವ ಆಯ್ಕೆ ತೆಗೆದುಕೊಂಡರು. ಪದೇ ಪದೇ ಬರುವುದಕ್ಕೆ ಚಿಕ್ಕ ಗುರುತು, ಅಪರೂಪಕ್ಕೆ ಬರುವುದಕ್ಕೆ ಉದ್ದ ಗುರುತು ಕೊಡುವ ಅತ್ಯುತ್ತಮ ವಿಧಾನ ಅದರಿಂದ ಹೊರಬಂತು. ಫೋಟೊ, ವಿಡಿಯೊ ಫೈಲುಗಳಲ್ಲಿ ಆ ವಿಧಾನ ಇಂದಿಗೂ ಕೆಲಸ ಮಾಡುತ್ತಿದೆ.

ಇನ್ನೊಂದು ದೊಡ್ಡ ಹೆಜ್ಜೆ ನಮ್ಮವರದು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ಯುವಿಸಿಇ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ನಾಸಿರ್ ಅಹ್ಮದ್ ಅಮೆರಿಕದ ಕಾನ್ಸಾಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ಚಿತ್ರವನ್ನು ಅಲೆಗಳಾಗಿ ಒಡೆದು, ಕಣ್ಣು ಹೆಚ್ಚು ಗಮನಿಸದ ಸೂಕ್ಷ್ಮ ಅಲೆಗಳನ್ನು ಬಿಟ್ಟುಬಿಡಲು ಅನುಕೂಲವಾಗುವ ಒಂದು ಗಣಿತ ಅವರಿಗೆ ಹೊಳೆಯಿತು. 1972ರಲ್ಲಿ ಅದಕ್ಕೆ ಅನುದಾನ ಕೇಳಿದರೆ ಸಿಗಲಿಲ್ಲ. ಬಿಡದೆ ಮುಂದುವರಿಸಿ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ 1974ರ ಜನವರಿಯಲ್ಲಿ ಪ್ರಕಟಿಸಿದರು. ಅದರ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ.

ವಿಸಿಡಿ, ಡಿವಿಡಿ, ಮೊಬೈಲಿನ ಜೆಪೆಗ್ ಫೋಟೊ, ಎಲ್ಲದರೊಳಗೂ ಇದೇ ಇದೆ. ಅಡ್ಡ 8, ಉದ್ದ 8 ಚುಕ್ಕಿಗಳ ಚೌಕಗಳಾಗಿ ಚಿತ್ರವನ್ನು ಒಡೆದು ಈ ಲೆಕ್ಕ ಮಾಡುತ್ತಾರೆ. ಬಿಟ್ ಸಾಲದಾದಾಗ ಪರದೆಯ ಮೇಲೆ ಕಾಣುವ ಚೌಕಗಳು ಇವೇ.

ಗೀರು ಬಿದ್ದರೂ ಓಡುವ ಡಿಸ್ಕ್

1948ರ ಲೇಖನದಲ್ಲಿ ಇನ್ನೊಂದು ಅರ್ಧವಿದೆ. ದಾರಿಯಲ್ಲಿ ಗದ್ದಲವಿದ್ದರೂ ಸುದ್ದಿಯನ್ನು ತಪ್ಪಿಲ್ಲದೆ ಮುಟ್ಟಿಸಬಹುದೇ? ಒಂದು ಮಿತಿಯವರೆಗೆ ಖಂಡಿತ ಸಾಧ್ಯ ಎಂದು ಶಾನನ್ ಸಾಧಿಸಿದರು. ಅದಕ್ಕಾಗಿ ಬೇಕೆಂದೇ ಸ್ವಲ್ಪ ಹೆಚ್ಚುವರಿ ಬಿಟ್ ಸೇರಿಸಬೇಕು. ಸಂತೆಯ ಗದ್ದಲದಲ್ಲಿ ನಾವು ಬೆಲೆಯನ್ನು ಎರಡು ಸಲ ಹೇಳುವುದಿಲ್ಲವೇ, ಹಾಗೆ.

1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ ಈ ಉಪಾಯವಿದೆ. ಸಣ್ಣ ಗೀರು ಬಿದ್ದರೂ ಕಾಣೆಯಾದ ಬಿಟ್‌ಗಳನ್ನು ಪ್ಲೇಯರ್ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಗೀರು ಮಿತಿ ಮೀರಿದರೆ ಮಾತ್ರ ಚಿತ್ರ ನಿಂತುಬಿಡುತ್ತದೆ.

ಸೈಜಿನ ಒಂದು ಗೊಂದಲವೂ ಇಲ್ಲಿಂದಲೇ ಬರುತ್ತದೆ. 700 ಎಂಬಿ ಎಂದು ಬರೆದ ಸಿಡಿಯಲ್ಲಿ 800 ಎಂಬಿಯ ಹತ್ತಿರದ ವಿಸಿಡಿ ಫೈಲ್ ಕಾಣುವುದುಂಟು. ಮೋಸವಲ್ಲ. ಪತ್ರ, ಲೆಕ್ಕಪತ್ರದ ಫೈಲುಗಳಲ್ಲಿ ಒಂದು ಬಿಟ್ ತಪ್ಪಿದರೂ ತೊಂದರೆ, ಆದ್ದರಿಂದ ಅವಕ್ಕೆ ರಕ್ಷಣೆ ಹೆಚ್ಚು. ವಿಡಿಯೊದಲ್ಲಿ ಒಂದು ಚುಕ್ಕಿ ತಪ್ಪಿದರೆ ಯಾರಿಗೂ ಕಾಣುವುದಿಲ್ಲ. ಹಾಗಾಗಿ ವಿಸಿಡಿಯಲ್ಲಿ ರಕ್ಷಣೆಯ ಒಂದು ಪದರ ಬಿಟ್ಟು ಆ ಜಾಗವನ್ನೂ ಚಿತ್ರಕ್ಕೇ ಕೊಟ್ಟರು.

ಉಳಿದ ಅನುಮಾನಗಳು

4.7 ಮತ್ತು 4.38: ಡಿಸ್ಕ್ ಕಂಪನಿ ಜಿಬಿ ಎಂದರೆ 100 ಕೋಟಿ ಬೈಟ್ ಎಂದು ಎಣಿಸುತ್ತದೆ. ವಿಂಡೋಸ್ ಸುಮಾರು 107 ಕೋಟಿ ಬೈಟ್ ಎಂದು ಎಣಿಸುತ್ತದೆ. 470 ಕೋಟಿಯನ್ನು ದೊಡ್ಡ ಅಳತೆಯಲ್ಲಿ ಅಳೆದರೆ 4.38 ಬರುತ್ತದೆ. ಡಿಸ್ಕ್ ಅದೇ, ಸೇರು ಬೇರೆ.

ಆರು ನಿಮಿಷ ಕಡಿಮೆ: ಸಿನಿಮಾ ರೀಲು ಸೆಕೆಂಡಿಗೆ 24 ಚಿತ್ರ. ಪಾಲ್ ಎಂಬ ಪದ್ಧತಿಯ ಡಿಸ್ಕಿನಲ್ಲಿ ಅದನ್ನು 25ರಂತೆ ಸ್ವಲ್ಪ ಬೇಗ ಓಡಿಸುವುದುಂಟು. ಆಗ 150 ನಿಮಿಷದ ಸಿನಿಮಾ 144 ನಿಮಿಷಕ್ಕೆ ಮುಗಿಯುತ್ತದೆ, ಒಂದು ಸೀನೂ ಹೋಗದೆ. ನಿಜವಾಗಿ ಸೀನ್ ಕತ್ತರಿಸಿದ ಡಿಸ್ಕುಗಳೂ ಇವೆ. ಆದರೆ ಅದನ್ನು ಸಿನಿಮಾ ನೋಡಿಯೇ ಹೇಳಬೇಕು, ಸೈಜ್ ನೋಡಿ ಅಲ್ಲ.

ಹೊಸ ವಿಧಾನ, ಸಣ್ಣ ಫೈಲ್: ಡಿವಿಡಿಯಲ್ಲಿರುವುದು ಎಂಪೆಗ್-2 ಎಂಬ 1990ರ ದಶಕದ ವಿಧಾನ. 2003ರಲ್ಲಿ ಬಂದ ಎಚ್.264 ಸುಮಾರು ಅರ್ಧ ಜಾಗದಲ್ಲೇ ಅಂಥದೇ ಚಿತ್ರ ಕೊಡುತ್ತದೆ. ಆದ್ದರಿಂದ 2 ಜಿಬಿಯ ಹೊಸ ಫೈಲ್ 4 ಜಿಬಿಯ ಡಿವಿಡಿಗೆ ಸರಿಸಾಟಿ ಆಗಬಹುದು. ಇದರ ಮೇಲೆ ಎರಡು, ಮೂರು ಭಾಷೆಯ ಧ್ವನಿ, ಟ್ರೇಲರ್, ಜಾಹೀರಾತು ಇದ್ದರೆ ಸಿನಿಮಾ ಒಂದೇ ಆದರೂ ಡಿಸ್ಕಿನ ಸೈಜ್ ಏರುತ್ತದೆ.

ಆಟವಾಡುತ್ತಲೇ ಮುಪ್ಪಾದ ವಿಜ್ಞಾನಿ

ಇಷ್ಟೆಲ್ಲ ಮಾಡಿದ ಶಾನನ್ ಹೆಸರಿನ ಹಿಂದೆ ಓಡಿದವರಲ್ಲ. 1950ರ ಸುಮಾರಿಗೆ ದಾರಿ ಹುಡುಕಿ ನೆನಪಿಟ್ಟುಕೊಳ್ಳುವ ಯಂತ್ರದ ಇಲಿ ಮಾಡಿದರು. ಒಂದೇ ಚಕ್ರದ ಸೈಕಲ್ ತುಳಿಯುತ್ತಾ ಬೆಲ್ ಲ್ಯಾಬ್ಸ್‌ನ ಓಣಿಗಳಲ್ಲಿ ಓಡಾಡಿದರು. ರೋಮನ್ ಅಂಕಿಗಳಲ್ಲಿ ಲೆಕ್ಕ ಮಾಡುವ ಯಂತ್ರ ಕಟ್ಟಿದರು. ಚೆಂಡುಗಳನ್ನು ಗಾಳಿಗೆಸೆದು ಹಿಡಿಯುವ ಆಟದ ಬಗ್ಗೆಯೂ ಗಣಿತ ಬರೆದರು. ತಮ್ಮ ಸಿದ್ಧಾಂತವನ್ನು ಎಲ್ಲರೂ ಎಲ್ಲದಕ್ಕೂ ಹಚ್ಚಲು ಶುರುಮಾಡಿದಾಗ, ಇಷ್ಟು ಹೊಗಳಿಕೆ ಬೇಡ, ಕೆಲಸ ನೋಡೋಣ ಎಂಬ ಅರ್ಥದ ಎಚ್ಚರಿಕೆಯನ್ನು 1956ರಲ್ಲಿ ತಾವೇ ಬರೆದರು. ಅದೇ ವರ್ಷ ಎಂಐಟಿಗೆ ಹೋಗಿ 1978ರವರೆಗೆ ಅಲ್ಲಿದ್ದರು.

1985ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ನಡೆದ ಸಮ್ಮೇಳನಕ್ಕೆ ಹೇಳದೆ ಕೇಳದೆ ಬಂದರು. ಸಹಿ ಪಡೆಯಲು ಎಂಜಿನಿಯರುಗಳು ಸಾಲುಗಟ್ಟಿದರು. ಮಾತಾಡಲು ನಿಲ್ಲಿಸಿದಾಗ ಕೇಳುವವರಿಗೆ ಬೇಸರವಾದೀತೆಂದು ಜೇಬಿನಿಂದ ಮೂರು ಚೆಂಡು ತೆಗೆದು ಆಡಿಸಿ ತೋರಿಸಿದರು. ಅದೇ ವರ್ಷ ಜಪಾನಿನ ಕ್ಯೋಟೊ ಪ್ರಶಸ್ತಿ ಬಂತು.

ಆಮೇಲೆ ಮರೆವಿನ ಕಾಯಿಲೆ, ಆಲ್‌ಝೈಮರ್ಸ್, ಅವರನ್ನು ಹಿಡಿಯಿತು. ಕೊನೆಯ ವರ್ಷಗಳನ್ನು ಆರೈಕೆ ಕೇಂದ್ರದಲ್ಲಿ ಕಳೆದರು. ಡಿವಿಡಿ, ಇಂಟರ್ನೆಟ್, ಮೊಬೈಲ್ ಜಗತ್ತನ್ನು ತುಂಬುತ್ತಿದ್ದಾಗ, ಅದರ ಬುನಾದಿ ಹಾಕಿದ ವ್ಯಕ್ತಿಗೆ ಅದನ್ನು ಗುರುತಿಸುವ ಶಕ್ತಿ ಉಳಿದಿರಲಿಲ್ಲ. 2001ರ ಫೆಬ್ರವರಿ 24ರಂದು, 84ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಹೋದ ಬಿಟ್ ವಾಪಸ್ ಬರುವುದಿಲ್ಲ

ಗೀರು ಬಿದ್ದ ಡಿಸ್ಕಿನಲ್ಲಿ ಕಾಣೆಯಾದದ್ದನ್ನು ತುಂಬಲು ಆಗುವುದು ಮೊದಲೇ ಹೆಚ್ಚುವರಿ ಬಿಟ್ ಬರೆದಿಟ್ಟಿದ್ದರಿಂದ. ಸೈಜ್ ಇಳಿಸುವಾಗ ಬಿಟ್ಟ ವಿವರಕ್ಕೆ ಅಂಥ ನಕಲು ಎಲ್ಲೂ ಇರುವುದಿಲ್ಲ. 400 ಎಂಬಿಯ ಫೈಲನ್ನು ಮತ್ತೆ 4 ಜಿಬಿ ಮಾಡಿಕೊಡುವ ಆ್ಯಪ್‌ಗಳಿವೆ. ಸೈಜ್ ಬೆಳೆಯುತ್ತದೆ, ಮಾಹಿತಿ ಬೆಳೆಯುವುದಿಲ್ಲ. ಮುಖ ಸ್ಪಷ್ಟ ಮಾಡಿಕೊಡುವ ಎಐ ಆ್ಯಪ್‌ಗಳು ಬೇರೆ ಸಾವಿರಾರು ಮುಖಗಳನ್ನು ನೋಡಿ ಕಲಿತ ಊಹೆಯಿಂದ ತುಂಬುತ್ತವೆ. ನಮ್ಮವರ ಅಜ್ಜಿಯ ಮುಖಕ್ಕೂ ಹೀಗೆ ಮಾಡಿ ನೋಡಿದೆವು. ಸ್ಪಷ್ಟವಾದ ಒಂದು ಮುಖ ಬಂತು. ಮನೆಯವರು ನೋಡಿ, ಇದು ನಮ್ಮ ಅಮ್ಮ ಅಲ್ಲ ಎಂದು ಫೋನ್ ಕೆಳಗಿಟ್ಟರು.

ಆದ್ದರಿಂದ ಇಷ್ಟು ಮಾಡಿ:

ಮದುವೆ, ನಾಟಕ, ಪದದ ಮೂಲ ಡಿಸ್ಕನ್ನು ಬಿಸಾಡಬೇಡಿ. ಡಿಸ್ಕಿಗೂ ಆಯುಷ್ಯವಿದೆ, ಮನೆಯಲ್ಲಿ ಬರೆದ ಡಿಸ್ಕುಗಳು ಬಿಸಿಲು, ತೇವಕ್ಕೆ ಬೇಗ ಹಾಳಾಗುತ್ತವೆ. ತಡ ಮಾಡದೆ ನಕಲು ಮಾಡಿಸಿ.

ಅಂಗಡಿಯಲ್ಲಿ ಸೈಜ್ ಇಳಿಸದೆ ಡಿವಿಡಿಯ ಫೋಲ್ಡರನ್ನು ಇದ್ದಂತೆಯೇ ಕಾಪಿ ಮಾಡಿಕೊಡಿ ಎಂದು ಕೇಳಿ. ಮೊಬೈಲಿಗೆ ಸಣ್ಣ ಫೈಲ್ ಬೇಕಿದ್ದರೆ ಅದನ್ನು ಬೇರೆಯಾಗಿ ಮಾಡಿಸಿ. ಎರಡು ಕಡೆ ಇಡಿ.

ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಮತ್ತೆ ಒತ್ತಿ ಸೈಜ್ ಇಳಿಸುತ್ತದೆ. ಮನೆಯವರಿಗೆ ಮೂಲದಂತೆಯೇ ಮುಟ್ಟಬೇಕಿದ್ದರೆ ಡಾಕ್ಯುಮೆಂಟ್ ಎಂದು ಆಯ್ಕೆ ಮಾಡಿ ಕಳಿಸಿ.

ಸೈಜ್ ಕಡಿಮೆ ಇದೆ ಎಂದ ಮಾತ್ರಕ್ಕೆ ಸೀನ್ ಕತ್ತರಿಸಿದ್ದಾರೆ, ಅಂಗಡಿಯವರು ಮೋಸ ಮಾಡಿದ್ದಾರೆ ಎಂಬ ಮೆಸೇಜ್ ಬಂದರೆ ಮುಂದೆ ಕಳಿಸಬೇಡಿ. ಕಳಿಸಲೇಬೇಕಿದ್ದರೆ, ಹಳೆಯ ಡಿಸ್ಕ್ ಗುಜರಿಗೆ ಹಾಕಲು ಹೊರಟಿರುವ ನಿಮ್ಮ ಅಣ್ಣನಿಗೋ ಚಿಕ್ಕಮ್ಮನಿಗೋ ಇದನ್ನು ಕಳಿಸಿ.